ಜನಮತವೂ ದವಾಖಾನೆಯ ಲೆಕ್ಕವೂ

ಆರೋಗ್ಯ ನೀತಿಯ ಬಗ್ಗೆ ಜನರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಎರಡು ದಾರಿಗಳಿವೆ. ಸರ್ಕಾರ ತಂದ ಯೋಜನೆ ಸರಿಯೇ, ಚಿಕಿತ್ಸೆಯ ವೆಚ್ಚದ ಹೊಣೆಯನ್ನು ಯಾರು ಹೊರಬೇಕು ಎಂದು ನೇರವಾಗಿ ಕೇಳಿ ಉತ್ತರಗಳನ್ನು ಎಣಿಸುವುದು ಒಂದು ದಾರಿ. ಇದಕ್ಕೆ ಜನಾಭಿಪ್ರಾಯ ಸಮೀಕ್ಷೆ ಎಂದು ಹೆಸರು. ಕಾಯಿಲೆ ಬಂದಾಗ ಎಲ್ಲಿಗೆ ಹೋದಿರಿ, ಎಷ್ಟು ಖರ್ಚಾಯಿತು, ಆ ದುಡ್ಡನ್ನು ಎಲ್ಲಿಂದ ಹೊಂದಿಸಿದಿರಿ ಎಂದು ವಿಚಾರಿಸಿ, ಜನ ನಡೆದುಕೊಂಡ ರೀತಿಯಿಂದಲೇ ಅವರ ಮತವನ್ನು ಓದಿಕೊಳ್ಳುವುದು ಇನ್ನೊಂದು ದಾರಿ. ಅಮೆರಿಕದಲ್ಲಿ ಮೊದಲನೆಯದು ದೊಡ್ಡ ಉದ್ಯಮವಾಗಿ ಬೆಳೆದಿದೆ. ಭಾರತದಲ್ಲಿ ಬೇರು ಬಿಟ್ಟಿರುವುದು ಎರಡನೆಯದು. ಉದಾಹರಣೆಗೆ, ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಸರ್ಕಾರಿ ದವಾಖಾನೆ ಹೇಗಿದೆ ಎಂದು ಕೇಳಿದರೆ ಕೇಳುವವರ ಮುಖ ನೋಡಿ ಉತ್ತರ ಬರುವುದೇ ಹೆಚ್ಚು. ಆದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ದಾಟಿ ಬಾಗಲಕೋಟೆಗೋ ಬೆಳಗಾವಿಗೋ ಮಹಾರಾಷ್ಟ್ರದ ಮಿರಜಕ್ಕೋ ರೋಗಿಯನ್ನು ಕರೆದೊಯ್ದ ಮನೆಯವರು ತಮ್ಮ ಅಭಿಪ್ರಾಯವನ್ನು ಆಗಲೇ ಹೇಳಿಯಾಗಿರುತ್ತದೆ.

ಕೆಲವರನ್ನು ಕೇಳಿ ಎಲ್ಲರ ಮಾತನ್ನು ಅಂದಾಜು ಮಾಡುವ ಈ ವಿದ್ಯೆಯ ಬುಡದಲ್ಲಿರುವುದು ಮಾದರಿ ಆಯ್ಕೆಯ ತತ್ತ್ವ, ಅಂದರೆ ಪ್ರತಿಯೊಂದು ಮನೆಗೂ ಆಯ್ಕೆಯಾಗುವ ಗೊತ್ತಾದ ಅವಕಾಶವಿರುವಂತೆ ಚೀಟಿ ಎತ್ತುವ ಕ್ರಮ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸತ್ಯ ಸಿಗುವುದಿಲ್ಲ ಎಂಬ ಪಾಠವನ್ನು ಜಗತ್ತು 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಕಲಿಯಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಂಚೆ ಉತ್ತರಗಳನ್ನು ಎಣಿಸಿದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಟೆಲಿಫೋನು ಮತ್ತು ಮೋಟಾರು ಇದ್ದವರ ಪಟ್ಟಿಗಳನ್ನೇ ಅದು ಬಹುಮಟ್ಟಿಗೆ ನೆಚ್ಚಿತ್ತು. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿಯನ್ನು ಎಚ್ಚರದಿಂದ ಆಯ್ದ ಜಾರ್ಜ್ ಗ್ಯಾಲಪ್, ಎದುರಾಳಿ ರೂಸ್‌ವೆಲ್ಟ್ ಅವರ ಗೆಲುವನ್ನು ಸರಿಯಾಗಿ ಗುರುತಿಸಿದರು. ಭಾರತದಲ್ಲಿ ಎರಿಕ್ ಡ ಕೋಸ್ಟಾ 1950ರ ದಶಕದಲ್ಲಿ ಗ್ಯಾಲಪ್ ಮಾದರಿಯ ಸಂಸ್ಥೆಯೊಂದನ್ನು ಕಟ್ಟಿದರಾದರೂ, ಮಾದರಿ ಸಮೀಕ್ಷೆ ಆಡಳಿತದ ಭಾಗವಾದದ್ದು ಪಿ.ಸಿ. ಮಹಾಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ. ಅದೇ ಹೊತ್ತಿಗೆ, 1951-52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ ಅಂದಿನ ಮೈಸೂರು ರಾಜ್ಯದಲ್ಲಿ ಜನಸಂಖ್ಯಾ ಅಧ್ಯಯನವೊಂದನ್ನು ನಡೆಸಿ, ಕುಟುಂಬ ಮಿತಿಯ ಬಗ್ಗೆ ಜನರ ಮನೋಭಾವವನ್ನೂ ಕೇಳಿದವು. 1961ರಲ್ಲಿ ಅದರ ವರದಿ ಅಚ್ಚಾಯಿತು. ಅಧ್ಯಯನ ನಡೆದಾಗ ಮುಂಬಯಿ ರಾಜ್ಯಕ್ಕೆ ಸೇರಿದ್ದ ಮುಧೋಳ, ಜಮಖಂಡಿಗಳು ಆ ಅಧ್ಯಯನದ ಹೊರಗೇ ಉಳಿದವು.

ರಾಷ್ಟ್ರೀಯ ಮಾದರಿ ಸಮೀಕ್ಷೆ ಸುತ್ತುಗಳಲ್ಲಿ ನಡೆಯುತ್ತದೆ. ಒಂದೊಂದು ಸುತ್ತಿಗೆ ಒಂದೊಂದು ವಿಷಯ. ಆರೋಗ್ಯದ ಸರದಿ 1986-87, 1995-96, 2004, 2014 ಮತ್ತು 2017-18ರಲ್ಲಿ ಬಂತು. ಇವುಗಳಲ್ಲಿ ಕೊನೆಯದಾದ 75ನೇ ಸುತ್ತಿನಲ್ಲಿ ದೇಶದ 8,077 ಹಳ್ಳಿಗಳು ಮತ್ತು 6,181 ನಗರ ವಿಭಾಗಗಳಿಂದ 1,13,823 ಮನೆಗಳನ್ನು ಆರಿಸಲಾಯಿತು, ಅಂದರೆ ಒಂದು ಹಳ್ಳಿಗೆ ಹೆಚ್ಚು ಕಡಿಮೆ ಎಂಟು ಮನೆ. ಸಹಕಾರಿ ಸಕ್ಕರೆ ಕಾರ್ಖಾನೆಯಿರುವ ಮುಧೋಳ ತಾಲ್ಲೂಕಿನ ತಿಮ್ಮಾಪುರದಂಥ ಊರು ಇಂಥ ಸುತ್ತಿನಲ್ಲಿ ಆಯ್ಕೆಯಾಯಿತೆಂದು ಇಟ್ಟುಕೊಂಡರೆ, ಕ್ಷೇತ್ರ ಸಿಬ್ಬಂದಿ ಮೊದಲು ಮಾಡಬೇಕಾದ ಕೆಲಸ ಪ್ರಶ್ನೆ ಕೇಳುವುದಲ್ಲ. ಊರು ದೊಡ್ಡದಿದ್ದರೆ ಅದನ್ನು ಓಣಿ, ಕೇರಿ, ತೋಟದ ಮನೆಗಳ ಗುಂಪುಗಳಾಗಿ ಒಡೆದುಕೊಂಡು, ಆಯ್ಕೆಯಾದ ಗುಂಪಿನ ಎಲ್ಲ ಮನೆಗಳ ಪಟ್ಟಿ ಮಾಡಿ, ಒಂದು ವರ್ಷದೊಳಗಿನ ಮಗು ಯಾವ ಮನೆಯಲ್ಲಿದೆ, ಕಳೆದ 365 ದಿನಗಳಲ್ಲಿ ಯಾರಾದರೂ ಆಸ್ಪತ್ರೆಗೆ ದಾಖಲಾದ ಮನೆ ಯಾವುದು ಎಂದು ಬೇರ್ಪಡಿಸಿಕೊಳ್ಳುವುದು. ಆಸ್ಪತ್ರೆ ಕಂಡ ಮನೆಗಳು ಊರಿನಲ್ಲಿ ಕಡಿಮೆಯಿರುವುದರಿಂದ ಕುರುಡಾಗಿ ಎಂಟು ಮನೆ ಎತ್ತಿದರೆ ಅಂಥವು ಸಿಗದೇ ಹೋಗಬಹುದು. ಆದ್ದರಿಂದ ಆಸ್ಪತ್ರೆ ಕಂಡ ಮನೆಗಳನ್ನು ಬೇಕೆಂತಲೇ ಹೆಚ್ಚಾಗಿ ಆರಿಸಿ, ಲೆಕ್ಕ ಹಾಕುವಾಗ ಪ್ರತಿ ಮನೆಗೂ ಅದು ಎಷ್ಟು ಮನೆಗಳನ್ನು ಪ್ರತಿನಿಧಿಸುತ್ತದೆ ಎಂಬುದಕ್ಕೆ ತಕ್ಕ ತೂಕ ಕೊಟ್ಟು ಸರಿದೂಗಿಸಲಾಗುತ್ತದೆ.

ಪ್ರಶ್ನಾವಳಿಯ ಕುಸುರಿ ಇರುವುದು ಖರ್ಚಿನ ಭಾಗದಲ್ಲಿ. ಒಟ್ಟು ಎಷ್ಟಾಯಿತು ಎಂದು ಒಂದೇ ಮಾತಿನಲ್ಲಿ ಕೇಳಿದರೆ ಜನ ಬಿಲ್ಲಿನ ಮೊತ್ತವನ್ನಷ್ಟೇ ಹೇಳಿ ಸುಮ್ಮನಾಗುತ್ತಾರೆ. ಹಾಗಾಗಿ ಪ್ಯಾಕೇಜಿನ ಹಣ, ವೈದ್ಯರ ಫೀ, ಔಷಧ, ರಕ್ತ-ಮೂತ್ರ-ಸ್ಕ್ಯಾನಿಂಗ್ ತಪಾಸಣೆ, ಹಾಸಿಗೆ ಬಾಡಿಗೆ ಇವನ್ನೆಲ್ಲ ಬಿಡಿಬಿಡಿಯಾಗಿ ಕೇಳಿ, ರೋಗಿಯ ಗಾಡಿ ಬಾಡಿಗೆಯನ್ನೂ ಜೊತೆಗೆ ಹೋದವರ ಊಟ-ವಸತಿಯನ್ನೂ ವೈದ್ಯಕೀಯೇತರ ವೆಚ್ಚವೆಂದು ಪ್ರತ್ಯೇಕವಾಗಿ ಬರೆಯಲಾಗುತ್ತದೆ. ಬಳಿಕ ಹಣದ ಮೂಲ: ದುಡಿಮೆ ಮತ್ತು ಉಳಿತಾಯವೋ, ಸಾಲವೋ, ಬಂಗಾರ ಅಥವಾ ದನ ಮಾರಿದ್ದೋ, ನೆಂಟರಿಷ್ಟರ ನೆರವೋ. ಕಳೆದ ಒಂದು ವರ್ಷದಲ್ಲಿ ತೀರಿಕೊಂಡವರ ಚಿಕಿತ್ಸೆಯ ವಿವರವನ್ನೂ ಕೇಳುವ ಕ್ರಮವಿದೆ. ಬದುಕಿರುವವರನ್ನು ಮಾತ್ರ ಎಣಿಸಿದರೆ, ಎಷ್ಟೋ ಮನೆಗಳನ್ನು ಸಾಲಕ್ಕೆ ತಳ್ಳುವ ಕೊನೆಯ ಕಾಯಿಲೆಯ ಖರ್ಚೇ ಲೆಕ್ಕದಿಂದ ಜಾರಿಬಿಡುತ್ತದೆ. ದುಃಖದಲ್ಲಿರುವ ಮನೆಯಲ್ಲಿ ಈ ಪ್ರಶ್ನೆಯನ್ನು ಹೇಗೆ ಕೇಳಬೇಕೆಂಬುದನ್ನು ಸೂಚನಾ ಪುಸ್ತಕಕ್ಕಿಂತ ಅನುಭವವೇ ಚೆನ್ನಾಗಿ ಕಲಿಸುತ್ತದೆ.

ಅಭಿಪ್ರಾಯವೆಂದು ನೇರವಾಗಿ ಕರೆಯಬಹುದಾದ ಪ್ರಶ್ನೆ ಈ ಪ್ರಶ್ನಾವಳಿಯಲ್ಲಿ ಒಂದು ಮೂಲೆಯಲ್ಲಿದೆ. ಸರ್ಕಾರಿ ಆಸ್ಪತ್ರೆಗೆ ಹೋಗದವರನ್ನು ಏಕೆ ಹೋಗಲಿಲ್ಲ ಎಂದು ಕೇಳಿ, ಬೇಕಾದ ಸೇವೆ ಅಲ್ಲಿಲ್ಲ, ಇದ್ದರೂ ಗುಣಮಟ್ಟ ಸಾಲದು, ಗುಣಮಟ್ಟ ಸರಿಯಿದ್ದರೂ ದೂರ, ಇಲ್ಲವೆ ಬಹಳ ಹೊತ್ತು ಕಾಯಬೇಕು, ನಂಬಿಕೆಯ ಡಾಕ್ಟರು ಬೇರೆ ಕಡೆ ಇದ್ದಾರೆ ಎಂಬಂಥ ಕಾರಣಗಳಲ್ಲಿ ಒಂದನ್ನು ಗುರುತಿಸಲಾಗುತ್ತದೆ. ನೀತಿ ರೂಪಿಸುವವರಿಗೆ ಈ ಒಂದು ಸಾಲು ಹತ್ತು ಜನಮತ ಸಮೀಕ್ಷೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು: ದೂರ ಎನ್ನುವವರಿಗೆ ಹೊಸ ಆಸ್ಪತ್ರೆ ಬೇಕು, ಕಾಯಬೇಕು ಎನ್ನುವವರಿಗೆ ಹೆಚ್ಚು ಸಿಬ್ಬಂದಿ ಬೇಕು, ನಂಬಿಕೆಯಿಲ್ಲ ಎನ್ನುವವರಿಗೆ ಏನು ಬೇಕೆಂಬುದು ಯಾವ ಬಜೆಟ್ಟಿನಲ್ಲೂ ಸುಲಭವಾಗಿ ಸಿಗುವುದಿಲ್ಲ.

75ನೇ ಸುತ್ತಿನ ಫಲಿತಾಂಶಗಳು ಜನರ ನಡತೆಯಲ್ಲಿ ಕಾಣುವ ಈ ಮತದ ಗಾತ್ರವನ್ನು ತೋರಿಸುತ್ತವೆ. ಹೆರಿಗೆಯನ್ನು ಬಿಟ್ಟು ಉಳಿದ ಕಾಯಿಲೆಗಳಿಗೆ ಒಮ್ಮೆ ದಾಖಲಾದರೆ ಆಗುವ ಸರಾಸರಿ ವೈದ್ಯಕೀಯ ವೆಚ್ಚ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 4,450 ರೂಪಾಯಿ, ಖಾಸಗಿಯಲ್ಲಿ 31,800 ರೂಪಾಯಿಗೂ ಮಿಕ್ಕಿದ್ದಿತು. ಏಳು ಪಟ್ಟು ಅಂತರವಿದ್ದರೂ ಹಳ್ಳಿಗಳಲ್ಲಿ ದಾಖಲಾದ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಖಾಸಗಿ ಆಸ್ಪತ್ರೆಗಳಿಗೇ ಹೋದವು. ಆರೋಗ್ಯ ವೆಚ್ಚಕ್ಕೆ ಯಾವುದಾದರೂ ವಿಮೆ ಅಥವಾ ಯೋಜನೆಯ ರಕ್ಷಣೆ ಇದ್ದವರು ಹಳ್ಳಿಗಳಲ್ಲಿ ಶೇ. 14, ನಗರಗಳಲ್ಲಿ ಶೇ. 19 ಮಾತ್ರ; ಗ್ರಾಮೀಣ ಮನೆಗಳಲ್ಲಿ ಶೇ. 80ರಷ್ಟು ತಮ್ಮ ದುಡಿಮೆ, ಉಳಿತಾಯಗಳನ್ನೂ ಶೇ. 13ರಷ್ಟು ಸಾಲವನ್ನೂ ಮುಖ್ಯವಾಗಿ ನೆಚ್ಚಿದ್ದವು. ಇವೆಲ್ಲ ಇಡೀ ದೇಶದ ಸರಾಸರಿಗಳು ಎಂಬುದನ್ನು ಮರೆಯಬಾರದು.

ಅಂಕಿಗಳನ್ನು ಓದುವಾಗ ಎಡವುವ ಜಾಗಗಳೂ ಇವೆ. 2014ರ ಸುತ್ತು ಜನವರಿಯಿಂದ ಜೂನ್‌ವರೆಗೆ ನಡೆಯಿತು, 2017-18ರದು ಇಡೀ ವರ್ಷ ನಡೆಯಿತು. ಕಳೆದ ಹದಿನೈದು ದಿನಗಳ ಕಾಯಿಲೆಯನ್ನು ಕೇಳುವ ಪ್ರಶ್ನೆಯಲ್ಲಿ ಮೊದಲನೆಯದಕ್ಕೆ ಮಳೆಗಾಲದ ಜ್ವರಗಳು ಬಹುಪಾಲು ಸಿಗಲೇ ಇಲ್ಲ, ಆದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕಾಯಿಲೆ ಏರಿತು, ಇಳಿಯಿತು ಎನ್ನುವುದು ಅವಸರದ ಮಾತಾಗುತ್ತದೆ. ಅದಕ್ಕಿಂತ ಆಳದ ತೊಡಕನ್ನು ಅಮರ್ತ್ಯ ಸೇನ್ 2002ರಲ್ಲೇ ಎತ್ತಿ ತೋರಿಸಿದ್ದರು: ಆಯುಷ್ಯವೂ ಸಾಕ್ಷರತೆಯೂ ಹೆಚ್ಚಿರುವ ಕೇರಳದ ಜನ ಕಾಯಿಲೆಯಿದೆಯೆಂದು ಹೇಳಿಕೊಳ್ಳುವುದೂ ಹೆಚ್ಚು, ಏಕೆಂದರೆ ಯಾವುದು ಕಾಯಿಲೆ, ಯಾವುದು ಸಹಿಸಿಕೊಂಡು ಹೋಗಬೇಕಾದ ನೋವು ಎಂಬ ತೀರ್ಮಾನವೂ ಒಂದು ಅಭಿಪ್ರಾಯವೇ. ಬನಹಟ್ಟಿಯ ಪವರ್‌ಲೂಮಿನ ಸದ್ದಿನ ನಡುವೆ ದಿನವಿಡೀ ನಿಲ್ಲುವ ನೇಕಾರನ ಮಂಡಿನೋವು, ಕಬ್ಬಿನ ಹಂಗಾಮಿನಲ್ಲಿ ಕಟಾವಿಗೆ ಹೋಗುವ ಹೆಂಗಸಿನ ಬೆನ್ನುನೋವು ಪ್ರಶ್ನಾವಳಿಯ ಹದಿನೈದು ದಿನಗಳಲ್ಲಿ ಕಾಯಿಲೆಯಾಗಿ ದಾಖಲಾಗುವುದೋ ಇಲ್ಲವೋ ಎಂಬುದು ಅವರು ಅದನ್ನು ಏನೆಂದು ತಿಳಿದಿದ್ದಾರೆ ಎಂಬುದರ ಮೇಲಿದೆ. ಮನೆಯ ಗಂಡಸೇ ಎಲ್ಲರ ಪರವಾಗಿ ಉತ್ತರ ಕೊಟ್ಟರಂತೂ ಹೆಂಗಸಿನ ಬೇನೆ ಬಿಟ್ಟುಹೋಗುವ ಸಂಭವ ಇನ್ನೂ ಹೆಚ್ಚು.

ಪ್ರಶ್ನೆಯ ಮಾತು ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಪ್ರಸಿದ್ಧ. ಅಲ್ಲಿನ ಆರೋಗ್ಯ ಕಾನೂನನ್ನು 2013ರ ಸಮೀಕ್ಷೆಯೊಂದು ಅರ್ಧ ಜನರಿಗೆ ‘ಒಬಾಮಾಕೇರ್’ ಎಂದೂ ಉಳಿದರ್ಧಕ್ಕೆ ಅದರ ಅಧಿಕೃತ ಹೆಸರಿನಿಂದಲೂ ಹೇಳಿ ಕೇಳಿದಾಗ, ವಿರೋಧಿಸಿದವರು ಕ್ರಮವಾಗಿ ಶೇ. 46 ಮತ್ತು ಶೇ. 37 ಇದ್ದರು, ಕಾನೂನು ಮಾತ್ರ ಒಂದೇ. ಕರ್ನಾಟಕದಲ್ಲಿ ಹೆಸರಿನ ತೊಡಕು ಇನ್ನೊಂದು ಬಗೆಯದು. ಸಹಕಾರ ಸಂಘಗಳ ಸದಸ್ಯ ರೈತರಿಗಾಗಿ 2003ರಲ್ಲಿ ಬಂದ ಯಶಸ್ವಿನಿ, 2010ರಲ್ಲಿ ಕಲಬುರಗಿ ಮತ್ತು ಬೆಳಗಾವಿ ವಿಭಾಗಗಳಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ಜಾರಿಯಾದ ವಾಜಪೇಯಿ ಆರೋಗ್ಯಶ್ರೀ, 2018ರ ಆರೋಗ್ಯ ಕರ್ನಾಟಕ ಮತ್ತು ಅದೇ ವರ್ಷ ಅದರೊಡನೆ ಕೂಡಿದ ಆಯುಷ್ಮಾನ್ ಭಾರತ, 2022ರಲ್ಲಿ ಮರಳಿ ಆರಂಭವಾದ ಯಶಸ್ವಿನಿ, ಇವೆಲ್ಲವೂ ಜನರ ಬಾಯಲ್ಲಿ ಬರೀ ‘ಕಾರ್ಡು’. ಕಾರ್ಡು ಐತಿ ಎನ್ನುವ ಮನೆಯವರಲ್ಲಿ ಯಾವ ಕಾರ್ಡು, ಅದರಿಂದ ಯಾವ ಚಿಕಿತ್ಸೆ ಸಿಗುತ್ತದೆ ಎಂದು ಕೆದಕದ ಸಮೀಕ್ಷೆಗಾರ ಪಡಿತರ ಚೀಟಿಯನ್ನೂ ವಿಮೆಯೆಂದು ಬರೆದುಕೊಂಡು ಬಂದಾನು.

ಈ ಯೋಜನೆಗಳ ಪೈಕಿ ವಾಜಪೇಯಿ ಆರೋಗ್ಯಶ್ರೀಯ ಮೇಲೆ ನಡೆದ ಸಮೀಕ್ಷೆ ಜಾಣ್ಮೆಯ ದೃಷ್ಟಿಯಿಂದ ವಿಶೇಷವಾದದ್ದು. ಯೋಜನೆ ಮೊದಲು ಉತ್ತರದ ಜಿಲ್ಲೆಗಳಿಗೆ ಬಂದು ದಕ್ಷಿಣಕ್ಕೆ ಇನ್ನೂ ತಲುಪದಿದ್ದ ಕಾಲದಲ್ಲಿ, ನೀರಜ್ ಸೂದ್ ಮತ್ತು ಸಂಗಡಿಗರು ಆ ಗಡಿಯ ಆಚೀಚೆಗಿದ್ದ ಒಂದೇ ತೆರನಾದ 572 ಹಳ್ಳಿಗಳನ್ನು ಆರಿಸಿ, ಅರವತ್ತು ಸಾವಿರದಷ್ಟು ಮನೆಗಳ ಮಾಹಿತಿ ತೆಗೆದರು. ಯೋಜನೆಯ ವ್ಯಾಪ್ತಿಗೆ ಬರುವ ಗಂಭೀರ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಯೋಜನೆಯಿದ್ದ ಹಳ್ಳಿಗಳಲ್ಲಿ ಶೇ. 0.32, ಇಲ್ಲದ ಹಳ್ಳಿಗಳಲ್ಲಿ ಶೇ. 0.90 ಎಂದು 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳಿತು, ಆಸ್ಪತ್ರೆಗೆ ದಾಖಲಾದಾಗ ಜೇಬಿನಿಂದ ಹೋಗುವ ಖರ್ಚೂ ಮೂರನೆಯ ಒಂದರಷ್ಟು ತಗ್ಗಿತ್ತು. ಯೋಜನೆ ಅನ್ವಯಿಸದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಎರಡೂ ಕಡೆ ಸಾವಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ ಇದ್ದದ್ದು ಈ ತೀರ್ಮಾನಕ್ಕೆ ಸಿಕ್ಕ ಒಳ್ಳೆಯ ಸಾಕ್ಷಿ. ಯೋಜನೆ ನಿಮಗೆ ಇಷ್ಟವಾಯಿತೇ ಎಂಬ ಪ್ರಶ್ನೆಯನ್ನು ಕೇಳದೆಯೇ ನೀತಿಯೊಂದರ ಬೆಲೆ ಕಟ್ಟಿದ ಸಮೀಕ್ಷೆ ಇದು.

ಸೇವೆ ಇಷ್ಟವಾಯಿತೇ ಎಂದೇ ಕೇಳುವ ಇನ್ನೊಂದು ಸಂಪ್ರದಾಯವೂ ಕರ್ನಾಟಕದಲ್ಲೇ ಹುಟ್ಟಿತು. ಸ್ಯಾಮ್ಯುಯೆಲ್ ಪಾಲ್ ಬೆಂಗಳೂರಿನ ಸಾರ್ವಜನಿಕ ಸೇವೆಗಳಿಗೆ ನಾಗರಿಕರಿಂದ ಅಂಕ ಕೊಡಿಸುವ ವರದಿ ಪತ್ರವನ್ನು ರೂಪಿಸಿ, 1994ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಸ್ಥಾಪಿಸಿದರು; ಅದೇ ಸಮೀಕ್ಷೆ 1999 ಮತ್ತು 2003ರಲ್ಲಿ ಮರುಕಳಿಸಿತು, ನಗರದ ಹೆರಿಗೆ ಆಸ್ಪತ್ರೆಗಳ ಬಗ್ಗೆ ಪ್ರತ್ಯೇಕ ಅಧ್ಯಯನವೂ ಆಯಿತು. ವಿದ್ಯುತ್ತು, ನೀರು, ದೂರವಾಣಿಗಳಿಗೆ ಹೊಂದುವ ಈ ಕ್ರಮ ಆಸ್ಪತ್ರೆಗೆ ಅಷ್ಟು ಸಲೀಸಾಗಿ ಹೊಂದುವುದಿಲ್ಲ ಎನ್ನಬೇಕು. ನಲ್ಲಿಯಲ್ಲಿ ನೀರು ಬಂದಿತೋ ಇಲ್ಲವೋ ಯಾರಿಗೂ ಗೊತ್ತಾಗುತ್ತದೆ, ಕೊಟ್ಟ ಔಷಧ ಸರಿಯಾದದ್ದೇ ಎಂಬುದು ರೋಗಿಗೆ ಗೊತ್ತಾಗುವುದು ಅಪರೂಪ. ಉತ್ತರ ಕರ್ನಾಟಕದಲ್ಲಿ ಆರೋಗ್ಯದ ಅಧ್ಯಯನ ನಡೆಸುವ ಸಂಸ್ಥೆಗಳಲ್ಲೊಂದು ಧಾರವಾಡದ ವಿದ್ಯಾಗಿರಿಯಲ್ಲಿರುವ ಜನಸಂಖ್ಯಾ ಸಂಶೋಧನಾ ಕೇಂದ್ರ. ಕೇಂದ್ರ ಆರೋಗ್ಯ ಸಚಿವಾಲಯದ ಜಾಲಕ್ಕೆ ಸೇರಿದ ಇದು ಆರೋಗ್ಯ ಕಾರ್ಯಕ್ರಮಗಳ ಮೌಲ್ಯಮಾಪನವನ್ನೂ ನಡೆಸುತ್ತದೆ.

ಬಾಗಲಕೋಟೆ ಜಿಲ್ಲೆಯ ಓದುಗರಿಗೆ ಇವೆಲ್ಲದರಿಂದ ತಮ್ಮ ತಾಲ್ಲೂಕಿನ ಚಿತ್ರ ಸಿಗುವುದೇ ಎಂದರೆ, ಸದ್ಯಕ್ಕೆ ಇಲ್ಲ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವ ಮಾತನ್ನು ಮಾದರಿ ಸಮೀಕ್ಷೆಗೆ ಹೋಲಿಸುವುದುಂಟು, ಆದರೆ ಘಟಪ್ರಭೆಯ ಕಾಲುವೆ ನೀರಿನಲ್ಲಿ ಕಬ್ಬು ಬೆಳೆಯುವ ಮುಧೋಳ, ಮಗ್ಗದ ಊರುಗಳಾದ ರಬಕವಿ-ಬನಹಟ್ಟಿ, ಆಲಮಟ್ಟಿಯ ಹಿನ್ನೀರಿನಿಂದ ಊರು ಬಿಟ್ಟವರ ಪುನರ್ವಸತಿ ಕೇಂದ್ರಗಳಿರುವ ಬೀಳಗಿ ಒಂದೇ ಪಾತ್ರೆಯ ಅಗುಳುಗಳಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015-16ರಿಂದ ಜಿಲ್ಲಾವಾರು ಅಂಕಿ ಕೊಡುತ್ತಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯೂ 2025ರ ಜನವರಿಯಿಂದ ಜಿಲ್ಲೆಯನ್ನೇ ಮಾದರಿ ಆಯ್ಕೆಯ ಮೂಲ ಘಟಕವಾಗಿ ತೆಗೆದುಕೊಂಡಿದೆ. ತಾಲ್ಲೂಕಿನ ಮಟ್ಟಕ್ಕೆ ಇಳಿಯಲು ಮಾದರಿಯ ಗಾತ್ರ ಸಾಲದು. ಆದರೂ ಈ ಸೀಮೆಗೆ ಮುಖ್ಯವಾದ ಒಂದು ಕಲಂ ಮಾದರಿ ಸಮೀಕ್ಷೆಯ ಆರೋಗ್ಯ ಪ್ರಶ್ನಾವಳಿಯಲ್ಲಿದೆ: ರೋಗಿ ದಾಖಲಾದ ಆಸ್ಪತ್ರೆ ಇದೇ ಜಿಲ್ಲೆಯಲ್ಲಿದೆಯೋ, ಬೇರೆ ಜಿಲ್ಲೆಯಲ್ಲೋ, ಬೇರೆ ರಾಜ್ಯದಲ್ಲೋ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ತೆರೆದ ಮಿಷನ್ ಆಸ್ಪತ್ರೆಯ ಕಾಲದಿಂದ ಕೃಷ್ಣಾ ತೀರದ ಕನ್ನಡ ಊರುಗಳ ರೋಗಿಗಳು ಆ ಕಡೆಗೆ ಹೋಗುತ್ತಿದ್ದಾರೆ; ಇಂದು ಹಾಗೆ ಹೊರಟವರ ಸಂಖ್ಯೆಯೂ, ಕರ್ನಾಟಕದ ಆರೋಗ್ಯ ಯೋಜನೆಗಳು ರಾಜ್ಯದ ಗಡಿಯಾಚೆಗೂ ಎಷ್ಟು ಕೆಲಸಕ್ಕೆ ಬರಬೇಕು ಎಂಬ ಪ್ರಶ್ನೆಗೆ ಉತ್ತರವೂ ಆ ಕಲಮಿನಿಂದಲೇ ಹೊರಬರಬೇಕಾಗಿದೆ.