ಮಳೆಗಾಲ ಕಳೆದು ಕಾರು ಹೊರತೆಗೆಯುವ ಮುನ್ನ: ಕೀಲಿ ತಿರುಗಿಸುವುದು ಕೊನೆಯ ಕೆಲಸವಾಗಲಿ

ರಾಮನಗುಳಿ (ಅಂಕೋಲಾ): ಶೀತ ದೇಶಗಳಲ್ಲಿ ಸ್ಪೋರ್ಟ್ಸ್ ಕಾರುಗಳ ಮಾಲೀಕರು ಹಿಮ ಬೀಳುವ ತಿಂಗಳುಗಳಲ್ಲಿ ತಮ್ಮ ವಾಹನಗಳನ್ನು ಶೆಡ್‌ನಲ್ಲಿರಿಸಿ, ವಸಂತ ಬಂದಾಗ ಹೊರತೆಗೆಯುವುದು ರೂಢಿ. ಕರಾವಳಿ ಹಾಗೂ ಮಲೆನಾಡಿನಲ್ಲಿ ಹಿಮವಿಲ್ಲ; ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಸುರಿಯುವ ಮಳೆಯಿದೆ. ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದವರು ಊರಿನ ಮನೆಯಲ್ಲಿ ಬಿಟ್ಟುಹೋದ ಕಾರು ನಾಲ್ಕು ತಿಂಗಳು ತಾಡಪಾಲಿನಡಿ ನಿಂತು, ನವರಾತ್ರಿಗೋ ದೀಪಾವಳಿಗೋ ಹೊರಬರುತ್ತದೆ. ಬಂದವರು ಮೊದಲು ಮಾಡುವ ಕೆಲಸ ಕೀಲಿ ತಿರುಗಿಸುವುದು. ವಾಸ್ತವವಾಗಿ ಅದು ಕೊನೆಯದಾಗಬೇಕು.

ಹಿಮಕ್ಕಿಂತ ತೇವಾಂಶದ ಹಾನಿ ಕಡಿಮೆಯೇನಲ್ಲ. ಬ್ಯಾಟರಿ ತಾನಾಗಿ ಬರಿದಾಗುತ್ತದೆ, ಬ್ರೇಕ್‌ಗೆ ತುಕ್ಕು ಹಿಡಿಯುತ್ತದೆ, ಇಂಧನಕ್ಕೆ ನೀರು ಸೇರುತ್ತದೆ. ಬೆಚ್ಚಗಿನ ಜಾಗ ಹುಡುಕುವ ಇಲಿಗಳಿಗೆ ಎಂಜಿನ್ನಿನ ಗೂಡು ಅರಮನೆಯಾಗುತ್ತದೆ.

ನೀರು ನುಗ್ಗಿತ್ತೇ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿ ಹರಿದು ಅಂಕೋಲಾ ತಾಲ್ಲೂಕಿನ ನದಿತೀರದ ಊರುಗಳನ್ನು ಮುಳುಗಿಸಿದ್ದನ್ನು ಜನ ಮರೆತಿಲ್ಲ. ಗೋಡೆಯ ಮೇಲಿನ ಕೆಸರಿನ ಗೆರೆ, ಆಸನದಡಿಯ ಒದ್ದೆ ರತ್ನಗಂಬಳಿ, ದೀಪಗಳೊಳಗಿನ ನೀರಹನಿ ಇವು ಸಾಕ್ಷಿ ಹೇಳುತ್ತವೆ. ಸ್ಪೋರ್ಟ್ಸ್ ಕಾರುಗಳು ನೆಲಕ್ಕೆ ತೀರಾ ಹತ್ತಿರವಿರುವುದರಿಂದ ಮೊಣಕಾಲುದ್ದದ ನೀರೂ ಅವುಗಳಿಗೆ ಅಪಾಯಕಾರಿ.

ಹೀಗೆ ನೀರು ಹೊಕ್ಕ ಕಾರನ್ನು ಚಾಲು ಮಾಡಲು ಯತ್ನಿಸಲೇಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರ್‌ನಲ್ಲಿ ನೀರಿರುವಾಗ ಎಂಜಿನ್ ತಿರುಗಿದರೆ ಪಿಸ್ಟನ್‌ನ ದಂಡವೇ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಮಾಡಿಸದವರಿಗೆ ಇಂಥ ಹಾನಿಗೆ ಪರಿಹಾರ ದೊರೆಯುವುದು ಕಷ್ಟ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಛಾಯಾಚಿತ್ರ ತೆಗೆದು, ವಿಮಾ ಕಂಪನಿಗೆ ತಿಳಿಸಿ, ವಾಹನವನ್ನು ಎತ್ತಿಸಿಕೊಂಡು ಗ್ಯಾರೇಜಿಗೆ ಒಯ್ಯುವುದೇ ಸರಿಯಾದ ಮಾರ್ಗ.

ಬಾನೆಟ್ ತೆರೆಯುವಾಗ

ತೆರೆಯುವ ಮುನ್ನ ಬಾನೆಟ್ಟನ್ನು ನಾಲ್ಕಾರು ಬಾರಿ ತಟ್ಟಬೇಕು. ಇಲಿಯಿದ್ದಲ್ಲಿ ಹಾವೂ ಬರುತ್ತದೆ. ಹಾವು ಕಂಡರೆ ಕೈಹಾಕದೆ ಉರಗ ರಕ್ಷಕರನ್ನು ಕರೆಸಬೇಕು.

ಬಳಿಕ ಕಡಿದ ತಂತಿಗಳಿವೆಯೇ, ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡಿದೆಯೇ ಎಂದು ಪರಿಶೀಲಿಸಬೇಕು. ಬಿಸಿಯಾಗುವ ಹೊಗೆನಳಿಕೆಯ ಬಳಿ ಒಣ ಎಲೆ, ನಾರು ಉಳಿದಿದ್ದರೆ ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆಯಿದೆ. ಇಲಿಯ ಮೂತ್ರದಿಂದ ಇಲಿಜ್ವರ ಹರಡುವುದರಿಂದ, ವಿಶೇಷವಾಗಿ ಕೈಯಲ್ಲಿ ಗಾಯವಿದ್ದವರು, ರಬ್ಬರ್ ಕೈಗವಸು ಧರಿಸಿಯೇ ಸ್ವಚ್ಛಗೊಳಿಸಬೇಕು. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಈ ಸಂಗತಿಯನ್ನು ವೈದ್ಯರಿಗೆ ತಿಳಿಸುವುದು ಒಳಿತು.

ಎಂಜಿನ್ ಆಯಿಲ್‌ನ ಮಟ್ಟವನ್ನು ಕಡ್ಡಿಯಲ್ಲಿ ನೋಡಬೇಕು. ಅದು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ, ಅಲ್ಲಿಗೆ ನಿಲ್ಲಿಸಬೇಕು. ಕೂಲಂಟ್ ಹಾಗೂ ಬ್ರೇಕ್ ದ್ರವದ ಮಟ್ಟ, ಕಾರಿನಡಿ ನೆಲದ ಮೇಲಿನ ಕಲೆಗಳು ಸಹ ಗಮನಾರ್ಹ.

ಬ್ಯಾಟರಿ ಮತ್ತು ಪೆಟ್ರೋಲ್

ಪೂರ್ಣ ಚಾರ್ಜ್ ಇರುವ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸುವುದು ಲೇಸು. 12ಕ್ಕಿಂತ ಕೆಳಗಿದ್ದರೆ ಅದು ಬಹುತೇಕ ಬರಿದಾಗಿದೆ. ಬೇರೆ ಕಾರಿನಿಂದ ವಿದ್ಯುತ್ ಪಡೆಯುವಾಗ ಮೊದಲು ಎರಡೂ ಬ್ಯಾಟರಿಗಳ ಧನ ತುದಿಗಳಿಗೆ ಕೆಂಪು ತಂತಿ, ಅನಂತರ ಒಳ್ಳೆಯ ಬ್ಯಾಟರಿಯ ಋಣ ತುದಿಗೆ ಕಪ್ಪು ತಂತಿ ಜೋಡಿಸಬೇಕು. ಕಪ್ಪು ತಂತಿಯ ಮತ್ತೊಂದು ತುದಿಯನ್ನು ಬರಿದಾದ ಬ್ಯಾಟರಿಗಲ್ಲ, ಆ ಕಾರಿನ ಎಂಜಿನ್ನಿನ ಲೋಹದ ಭಾಗಕ್ಕೆ ಸಿಕ್ಕಿಸಬೇಕು. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲಕ್ಕೆ ಒಂದು ಕಿಡಿ ಸಾಕು.

ಈಗ ದೇಶದೆಲ್ಲೆಡೆ ಮಾರಾಟವಾಗುವ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥೆನಾಲ್ ಇರುತ್ತದೆ. ಎಥೆನಾಲ್ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದರೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಟ್ಯಾಂಕ್ ಅರೆಬರೆ ತುಂಬಿದ್ದಷ್ಟೂ ಈ ಅಪಾಯ ಹೆಚ್ಚು. ಹಳೆಯ ಇಂಧನದ ವಾಸನೆ ಹುಳಿಯಾಗಿದ್ದರೆ ಅದನ್ನು ತೆಗೆಸಿ ಹೊಸತು ಹಾಕಿಸಬೇಕು.

ಚಾಲನೆ ಹೇಗೆ?

ಶೆಡ್‌ನ ಬಾಗಿಲನ್ನು ಪೂರ್ತಿ ತೆರೆದಿಡಬೇಕು. ಸಾಧ್ಯವಾದರೆ ಕಾರನ್ನು ಹೊರಗೆ ತಳ್ಳಿಕೊಳ್ಳಬೇಕು. ಎಂಜಿನ್ ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಅದು ನಿಮಿಷಗಳಲ್ಲಿ ಜೀವ ತೆಗೆಯಬಲ್ಲುದು.

ಕೀಲಿಯನ್ನು ‘ಆನ್’ ಹಂತಕ್ಕೆ ತಿರುಗಿಸಿ ಕೆಲವು ಕ್ಷಣ ಬಿಟ್ಟರೆ ಪಂಪ್ ಇಂಧನವನ್ನು ಮುಂದಕ್ಕೆ ತಳ್ಳುತ್ತದೆ. ಸ್ಟಾರ್ಟರನ್ನು ಒಮ್ಮೆಗೆ ಐದಾರು ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ ಅರ್ಧ ನಿಮಿಷ ಬಿಡುವು ಕೊಡಬೇಕು. ಚಾಲುವಾದ ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ದೀಪ ಆರದಿದ್ದರೆ ಕೂಡಲೇ ನಿಲ್ಲಿಸಬೇಕು. ತಿಂಗಳುಗಟ್ಟಲೆ ನಿಂತ ಎಂಜಿನ್ನಿನ ಮೇಲಿನ ಭಾಗಗಳಿಂದ ಆಯಿಲ್ ಕೆಳಗಿಳಿದಿರುತ್ತದೆ. ಆದ್ದರಿಂದ ಆರಂಭದಲ್ಲೇ ಆಕ್ಸಿಲರೇಟರ್ ಒತ್ತಿ ಗರ್ಜಿಸುವುದು ಸಲ್ಲದು. ಟರ್ಬೊ ಇರುವ ಸ್ಪೋರ್ಟ್ಸ್ ಕಾರುಗಳಿಗಂತೂ ಇದು ಮಾರಕ.

ಅರಬೈಲ್ ಏರುವ ಮುನ್ನ

ಎಂಜಿನ್ ಚಾಲುವಾಯಿತೆಂದ ಮಾತ್ರಕ್ಕೆ ಕಾರು ಹೊರಡಲು ಸಿದ್ಧವೆಂದಲ್ಲ. ರಾಮನಗುಳಿಯಿಂದ ಯಲ್ಲಾಪುರದತ್ತ ಹೊರಟರೆ ಎದುರಾಗುವುದು ಅರಬೈಲ್ ಘಟ್ಟ. ಬ್ರೇಕ್ ಡಿಸ್ಕಿನ ಮೇಲ್ಪದರದ ತುಕ್ಕು ನಾಲ್ಕಾರು ಬಾರಿ ಒತ್ತಿದರೆ ಹೋಗುತ್ತದೆ. ಅಡಗಿರುವ ಅಪಾಯ ಬ್ರೇಕ್ ದ್ರವದಲ್ಲಿದೆ. ಅದು ಕಾಲಕ್ರಮೇಣ ತೇವ ಹೀರಿ, ಕಡಿಮೆ ಶಾಖಕ್ಕೇ ಕುದಿಯತೊಡಗುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಸತತವಾಗಿ ಬಿಸಿಯಾಗಿ ದ್ರವ ಆವಿಯಾದರೆ ಪೆಡಲ್ ತಳ ಸೇರುತ್ತದೆ, ಕಾರು ನಿಲ್ಲದು. ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಬೇಕೆನ್ನುವುದು ಇದಕ್ಕಾಗಿಯೇ.

ಟೈರಿನ ಗಾಳಿ ತುಂಬಿಸಿ, ಬದಿಯ ಬಿರುಕುಗಳನ್ನು ನೋಡಿ, ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಬ್ರೇಕ್ ಪರೀಕ್ಷಿಸಿದ ಬಳಿಕವೇ ಹೆದ್ದಾರಿಗೆ ಇಳಿಯಬೇಕು. ಮೊದಲ ಪಯಣ ಅರ್ಧ ಗಂಟೆಯಾದರೂ ಇದ್ದರೆ ಆಯಿಲ್ ಹಾಗೂ ಹೊಗೆನಳಿಕೆಯೊಳಗಿನ ತೇವ ಆವಿಯಾಗುತ್ತದೆ. ವಿಮೆ ಮತ್ತು ಹೊಗೆ ತಪಾಸಣೆ ಪತ್ರದ ಅವಧಿ ಮಳೆಗಾಲದಲ್ಲೇ ಮುಗಿದಿರಬಹುದೆಂಬುದೂ ನೆನಪಿರಲಿ.

ಮುಂದಿನ ಮಳೆಗಾಲಕ್ಕೆ

ಟ್ಯಾಂಕ್ ತುಂಬಿಸಿ, ಬ್ಯಾಟರಿಯ ಋಣ ತಂತಿ ಕಳಚಿ, ಹ್ಯಾಂಡ್ ಬ್ರೇಕ್ ಎಳೆಯದೆ ಗೇರ್‌ನಲ್ಲಿ ನಿಲ್ಲಿಸಿ ಚಕ್ರಗಳಿಗೆ ಚಿರೇಕಲ್ಲು ಒಡ್ಡಬೇಕು. ವಾರಕ್ಕೊಮ್ಮೆ ಐದು ನಿಮಿಷ ಚಾಲು ಮಾಡಿಸುವ ಪದ್ಧತಿಯಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಅಷ್ಟರಲ್ಲಿ ಬ್ಯಾಟರಿ ತುಂಬುವುದಿಲ್ಲ, ಎಂಜಿನ್ನಿನ ತೇವ ಆರುವುದಿಲ್ಲ. ಊರಿನಲ್ಲಿರುವವರು ಹದಿನೈದು ದಿನಕ್ಕೊಮ್ಮೆ ಹತ್ತಾರು ಕಿಲೋಮೀಟರ್ ಓಡಿಸಿದರೆ, ಕಾರು ಮಳೆಗಾಲವನ್ನು ಸುರಕ್ಷಿತವಾಗಿ ದಾಟುತ್ತದೆ.