ಮನೆ ಕೊಂಡು ನೋಡು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಮಾಡಿದ ಹಿರಿಯರು ಮನೆಯನ್ನು ಕೊಂಡು ನೋಡೆಂದು ಏಕೆ ಹೇಳಲಿಲ್ಲವೆಂಬದು ನನಗೆ ಬಹುಕಾಲ ಹೊಳೆದಿರಲಿಲ್ಲ. ಅವರ ಕಾಲದಲ್ಲಿ ಮನೆಯನ್ನು ಮಾರುವದೆಂದರೆ ಮಾನವನ್ನು ಮಾರಿದಂತೆ. ಆದಕಾರಣ ಕೊಳ್ಳುವ ಪ್ರಸಂಗವೇ ವಿರಳವಾಗಿತ್ತು. ಈಗ ಹಾಗಿಲ್ಲ. ಮಕ್ಕಳು ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಲ್ಲಿ ನೆಲೆಸುವರು. ಹಿರಿಯರು ತೀರಿಕೊಂಡ ಮೇಲೆ ಊರ ಮನೆಗೆ ಬೀಗ ಬೀಳುವದು. ನಾಲ್ಕು ಮಳೆಗಾಲಗಳು ಕಳೆಯುವಷ್ಟರಲ್ಲಿ ಮಾಳಿಗೆಯ ಮಣ್ಣು ಕರಗಿ ಜಂತಿ ಕಾಣುವದು. ಆಗ ಅದನ್ನು ಮಾರುವ ಮಾತು ಹೊರಡುವದು. ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ಯಾವ ಹಳೆಯ ಓಣಿಯನ್ನು ಹೊಕ್ಕರೂ ಇಂಥ ಒಂದೆರಡು ಮನೆಗಳು ಕಣ್ಣಿಗೆ ಬೀಳುವವು.

ಈ ಸೀಮೆಯ ಶಾಲೆಗಳಲ್ಲಿ 36 ವರ್ಷ ಕನ್ನಡ ಸಂಸ್ಕೃತಗಳನ್ನು ಕಲಿಸಿ ನಾನು 2024ರ ಮೇ ತಿಂಗಳಲ್ಲಿ ನಿವೃತ್ತನಾದೆನು. ನಾನು ಕೆಲಸಕ್ಕೆ ಸೇರಿದಾಗ ಗದಗ ಜಿಲ್ಲೆಯಿನ್ನೂ ಹುಟ್ಟಿರಲಿಲ್ಲ; 1997ರಲ್ಲಿ ಧಾರವಾಡದಿಂದ ಅದು ಬೇರೆಯಾಯಿತು. ಗಜೇಂದ್ರಗಡವು ಆಗ ರೋಣ ತಾಲೂಕಿನಲ್ಲಿಯೇ ಇತ್ತು. ವರ್ಗವಾದಂತೆಲ್ಲ ಮನೆ ಬದಲಾಯಿತು. ಒಂಬತ್ತು ಬಾಡಿಗೆಯ ಮನೆಗಳಲ್ಲಿ ಸಂಸಾರ ಮಾಡಿದೆವು. ಒಂಬತ್ತು ಸಲವೂ ನನ್ನ ಕುಟುಂಬದವಳು ತುಳಸಿಯ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಊರಿಂದೂರಿಗೆ ಬಂದಳು. “ಹತ್ತನೆಯದಕ್ಕೆ ಕಟ್ಟೆ ಕಟ್ಟಿಸುವಾ” ಎಂದು ನಾನು ಮಾತು ಕೊಟ್ಟಿದ್ದೆನು. ನಿವೃತ್ತಿಯ ಹಣ ಕೈಗೆ ಬಂದ ಕೂಡಲೆ ಮನೆಯನ್ನು ಅರಸತೊಡಗಿದೆನು. ಯಾವ ಊರಿನಲ್ಲಿ ಕೊಂಡೆನೆಂಬದನ್ನು ಬರೆಯುವದಿಲ್ಲ. ಬರೆದರೆ ಅಲ್ಲಿಯ ಕಚೇರಿಯ ಹೆಸರನ್ನೂ ಬರೆದಂತಾಗುವದು. ನನ್ನ ಉದ್ದೇಶ ದೂರು ಕೊಡುವದಲ್ಲ.

ನಮ್ಮ ಎರೆಯ ಸೀಮೆಯಲ್ಲಿ ಮನೆಯನ್ನು ನೋಡುವ ಕ್ರಮವೇ ಬೇರೆ. ಎರೆಯ ನೆಲ ಬೇಸಿಗೆಯಲ್ಲಿ ಬಿರಿಯುವದು, ಮಳೆಗಾಲದಲ್ಲಿ ಉಬ್ಬುವದು. ಬುನಾದಿ ಗಟ್ಟಿಯಿರದಿದ್ದರೆ ಗೋಡೆ ಸೀಳುವದು. ಅದಕ್ಕಿಂತಲೂ ಮುಖ್ಯವಾದ ಪ್ರಶ್ನೆ ಹಗೇವಿನದು. ಜೋಳವನ್ನು ಕೂಡಿಡಲು ಹಿಂದಿನವರು ಪಡಸಾಲೆಯಲ್ಲಿಯೋ ಅಂಗಳದಲ್ಲಿಯೋ ಹಗೇವು ತೋಡುತ್ತಿದ್ದರು. ಅದರ ಬಾಯಿ ಕಿರಿದು, ಹೊಟ್ಟೆ ಹಿರಿದು. ಬಳಕೆ ತಪ್ಪಿದ ಮೇಲೆ ಬಾಯಿಗೆ ಕಲ್ಲು ಮುಚ್ಚಿ ಮರೆತರು. 2019-20ರ ಸುಮಾರಿಗೆ ನರಗುಂದದ ಹಳೆಯ ಓಣಿಗಳಲ್ಲಿ ನೆಲವು ಒಮ್ಮಿಂದೊಮ್ಮೆಲೆ ಕುಸಿದು ಜನರು ಗಾಬರಿಯಾದುದನ್ನು ವಾಚಕರು ಮರೆತಿರಲಾರರು. ನೆಲದೊಳಗಿನ ನೀರು ಮೇಲೇರಿದ್ದೂ, ಮರೆತುಹೋದ ಹಗೇವುಗಳೂ ಅದಕ್ಕೆ ಕಾರಣಗಳೆಂದು ಆಗ ಹೇಳಲಾಯಿತು. ಆದುದರಿಂದ ನಾನು ನೆರೆಮನೆಯ ಮುದುಕರೊಬ್ಬರನ್ನು ಕೇಳಿ, ಹಗೇವು ಎಲ್ಲಿತ್ತು, ಅದನ್ನು ಎಂದು ತುಂಬಿದರೆಂಬದನ್ನು ತಿಳಿದುಕೊಂಡೆನು. ಎಂಟು ಖಣದ ಮನೆ, ಹಿತ್ತಲಲ್ಲಿ ಒಂದು ಬೇವಿನ ಮರ. ಕ್ರಯ 18 ಲಕ್ಷ ರೂಪಾಯಿ ಎಂದು ನಿಶ್ಚಯವಾಯಿತು.

2024ರ ಜೂನಿನಲ್ಲಿ ಎರಡು ಲಕ್ಷ ಕೊಟ್ಟು ಸಂಚಕಾರ ಪತ್ರ ಮಾಡಿಸಿದೆವು. ಮೂರು ತಿಂಗಳಲ್ಲಿ ಖರೀದಿ ಮಾಡಿಕೊಡುವದೆಂದು ಕರಾರು. ಸಂಚಕಾರ ಕೊಟ್ಟ ಮೇಲೆ ಮನೆ ತಮ್ಮದಾಯಿತೆಂದು ಅನೇಕರು ಭಾವಿಸುವರು, ಅದು ತಪ್ಪು. 1882ರ ಸ್ವತ್ತು ವರ್ಗಾವಣೆಯ ಕಾಯದೆಯು, ಮಾರುವ ಕರಾರಿನಿಂದಲೇ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ನೂರು ರೂಪಾಯಿಗೂ ಅದಕ್ಕೆ ಮಿಕ್ಕಿಯೂ ಬೆಲೆಯುಳ್ಳ ಸ್ಥಿರಸ್ವತ್ತಿನ ಕ್ರಯವು ನೋಂದಣಿಯಾದ ಪತ್ರದಿಂದಲೇ ಆಗತಕ್ಕದ್ದು. ಅಲ್ಲಿಯ ಪರ್ಯಂತ ಕೊಳ್ಳುವವನ ಹಣ ಹೋಗಿರುತ್ತದೆ, ಮನೆ ಬಂದಿರುವದಿಲ್ಲ. ವಿಲಂಬವೆಂಬ ಶಬ್ದವು ಜೋತುಬೀಳುವದೆಂಬ ಅರ್ಥದ ಧಾತುವಿನಿಂದ ಬಂದದ್ದು. ಅದನ್ನು ನಾನು ಹುಡುಗರಿಗೆ ಎಷ್ಟೋ ಸಲ ಹೇಳಿದ್ದೆನು. ಅರ್ಥ ತಿಳಿದದ್ದು ಆ ವರ್ಷ.

ಮೊದಲನೆಯ ತೊಡಕು ಉತಾರದಲ್ಲಿಯೇ ಕಾಣಿಸಿತು. ಮನೆಯು ಇನ್ನೂ ಮಾರುವವನ ತಂದೆಯ ಹೆಸರಿನಲ್ಲಿತ್ತು. ಅವರು ತೀರಿಕೊಂಡು 13 ವರ್ಷಗಳಾಗಿದ್ದವು. ವರ್ದಿ ಕೊಟ್ಟು ವಾರಸರ ಹೆಸರುಗಳನ್ನು ದಾಖಲಿಸಬೇಕು. ಅದಕ್ಕೆ ಮರಣದ ದಾಖಲೆ ಬೇಕು, ವಂಶಾವಳಿ ಬೇಕು. ವಂಶಾವಳಿಯನ್ನು ಬರೆಯಲು ಕುಳಿತಾಗ ಗೊತ್ತಾಯಿತು: ಮಕ್ಕಳು ಇಬ್ಬರು ಗಂಡಸರಷ್ಟೇ ಅಲ್ಲ, ಅವರಿಗೊಬ್ಬ ಅಕ್ಕನೂ ಇದ್ದಾಳೆ, ಬಾದಾಮಿಯ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟ ವಿಧವೆ.

ದಲ್ಲಾಳಿಯು ನನ್ನನ್ನು ಹೊರಗೆ ಕರೆದು, “ಮಾಸ್ತರ್ರ, ಆಕಿ ಹೆಸರ ಬರಿಯೂದ ಬ್ಯಾಡ್ರಿ. ಹೆಣ್ಣಮಗಳು, ಲಗ್ನದಾಗ ಕೊಡೂದು ಕೊಟ್ಟಾರ. ಕೇಳಾಕ ಹ್ವಾದ್ರ ಆರ ತಿಂಗಳ ಹೊಕ್ಕೈತಿ” ಎಂದನು. ಮಾರುವವನು ತಲೆ ಬಗ್ಗಿಸಿ ಸುಮ್ಮನೆ ನಿಂತಿದ್ದನು.

ವಾಚಕರೆದುರಿಗೆ ಮುಚ್ಚಿಡುವದೇಕೆ? ಆ ರಾತ್ರಿ ನನ್ನ ಮನಸ್ಸು ಅವನ ಮಾತಿನ ಕಡೆಗೇ ವಾಲಿತು. ವಂಶಾವಳಿ ಬರೆದುಕೊಡುವವನು ನಾನಲ್ಲ, ಸುಳ್ಳು ಹೇಳುವವನೂ ನಾನಲ್ಲ ಎಂದು ತರ್ಕ ಮಾಡಿಕೊಂಡೆನು. ಊಟಕ್ಕೆ ಕುಳಿತಾಗ ಈ ಮಾತನ್ನು ಮನೆಯಲ್ಲಿ ಹೇಳಿದೆನು. ಆಕೆ ರೊಟ್ಟಿ ಬಡಿಯುವದನ್ನು ನಿಲ್ಲಿಸಿ, “ನಮ್ಮಪ್ಪ ಹೋದ ಮ್ಯಾಲೆ ನಾನೂ ತವರಮನಿ ಕಾಗದಕ್ಕ ಸಹಿ ಹಾಕಿ ಬಂದಾಕಿನ ರೀ. ಏನ ಬರದಾರಂತ ಯಾರೂ ಓದಿ ಹೇಳಲಿಲ್ಲ. ನೀವೂ ಬಾಜೂಕ ಇದ್ರಿ” ಎಂದಳು. ಅಷ್ಟು ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಮೂವತ್ತು ವರ್ಷಗಳ ಹಿಂದಿನ ಆ ದಿನ ನನ್ನ ನೆನಪಿನಲ್ಲಿಯೇ ಇರಲಿಲ್ಲ, ಆಕೆಯ ನೆನಪಿನಲ್ಲಿತ್ತು.

ಮರುದಿನ ನಾನು, ಅಕ್ಕನ ಸಹಿಯಿಲ್ಲದೆ ಖರೀದಿ ಇಲ್ಲವೆಂದು ಹೇಳಿದೆನು. ಇದು ಬರಿಯ ಧರ್ಮದ ಮಾತಲ್ಲ, ಕಾಯದೆಯ ಮಾತೂ ಅಹುದು. ಆ ಮನೆ ತಂದೆಯ ಸ್ವಯಾರ್ಜಿತ, ಮೃತ್ಯುಪತ್ರ ಬರೆದಿರಲಿಲ್ಲ. ಅಂಥ ಸ್ವತ್ತಿನಲ್ಲಿ ಮಗಳಿಗೆ ಮಗನಷ್ಟೇ ಪಾಲೆಂಬದು 1956ರ ಹಿಂದೂ ಉತ್ತರಾಧಿಕಾರ ಕಾಯದೆಯಿಂದಲೇ ಸಿದ್ಧವಾಗಿದೆ. ಪಿತ್ರಾರ್ಜಿತವಾಗಿದ್ದರೂ ಈಗ ಭೇದವಿಲ್ಲ: ಕರ್ನಾಟಕವು 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಆ ಹಕ್ಕನ್ನು ಕೊಟ್ಟಿತು, 2005ರ ಕೇಂದ್ರದ ತಿದ್ದುಪಡಿಯು ಮದುವೆಯಾದವರನ್ನೂ ಸೇರಿಸಿತು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪಿತ್ತಿತು. ಸಹೋದರಿಯನ್ನು ಬಿಟ್ಟು ಕೊಂಡವನು, ಮುಂದೆ ಆಕೆಯಾಗಲಿ ಆಕೆಯ ಮಕ್ಕಳಾಗಲಿ ದಾವೆ ಹೂಡಿದಾಗ, ಕೊಂಡ ಮನೆಯಲ್ಲಿ ಕುಳಿತು ಕೋರ್ಟಿಗೆ ಅಲೆಯಬೇಕಾಗುವದು.

ಇದು ಹೊಸ ಕಾಲದ ಕಾಟವೆಂದು ಕೆಲವರು ಗೊಣಗುವರು. ಹಳಬರು ನಮಗಿಂತ ಸಡಿಲರಾಗಿರಲಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ ಮಾರುವ ವಿಧಿಯೇ ಇದೆ. ಜ್ಞಾತಿಗಳು, ನೆರೆಯವರು, ಸಾಲ ಕೊಟ್ಟವರು ಈ ಕ್ರಮದಲ್ಲಿ ಕೊಳ್ಳುವ ಹಕ್ಕು. ನೆರೆಯ ನಲವತ್ತು ಕುಲದವರ ಮುಂದೆ ಮನೆಯ ಇದಿರಿನಲ್ಲಿಯೇ ಸಾರಬೇಕು. ಬೆಲೆಯನ್ನು ಹೇಳಿ ಮೂರು ಸಲ ಕೂಗಿದರೂ ಯಾರೂ ಅಡ್ಡಬಾರದಿದ್ದರೆ ಮಾತ್ರ ಕೊಳ್ಳತಕ್ಕದ್ದು. ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯಲ್ಲಿ, ಭೂಮಿ ಕೈಬದಲಾಗುವದಕ್ಕೆ ಆರು ಅಂಗಗಳನ್ನು ಹೇಳಿ ವಿಚಾರಿಸಿದ್ದಾನೆ: ಗ್ರಾಮದವರ, ಜ್ಞಾತಿಗಳ, ನೆರೆಯವರ, ದಾಯಾದರ ಅನುಮತಿ, ಜೊತೆಗೆ ಹೊನ್ನು ಮತ್ತು ನೀರು. ಗ್ರಾಮದವರ ಅನುಮತಿ ವ್ಯವಹಾರವು ಬಹಿರಂಗವಾಗಲೆಂದು, ನೆರೆಯವರದು ಎಲ್ಲೆಯ ಜಗಳ ತಪ್ಪಲೆಂದು ಎಂದು ಅವನ ವಿವರಣೆ. ಇಂದಿನ ಪತ್ರಿಕಾ ಪ್ರಕಟಣೆ, ಚತುಃಸೀಮೆ, ವಂಶಾವಳಿ ಇವು ಆ ಹಳೆಯ ಅಂಗಗಳೇ ಅಲ್ಲವೆ? ಆಗ ಒಂದೇ ದಿನ ಒಂದೇ ಕಟ್ಟೆಯ ಮೇಲೆ ಕೂಡುತ್ತಿದ್ದವರು ಈಗ ಬೇರೆಬೇರೆ ಮೇಜುಗಳಲ್ಲಿ ಹಂಚಿಹೋಗಿದ್ದಾರೆ, ಅಷ್ಟೆ.

ಮಾರುವವನು ಮುನಿಸಿಕೊಂಡು ಎರಡು ತಿಂಗಳು ಮಾತಾಡಲಿಲ್ಲ. ಅಷ್ಟರಲ್ಲಿ ಯಾರೋ ಒಂದು ಲಕ್ಷ ಹೆಚ್ಚು ಕೊಡುತ್ತಾರೆಂಬ ಸುದ್ದಿ ಬಂದಿತು. ನನ್ನ ಸಂಚಕಾರದ ಹಣವೂ ಮುಳುಗಿತೆಂದು ಬಗೆದೆನು. ಅಕ್ಟೋಬರದಿಂದ ರಾಜ್ಯದಲ್ಲೆಲ್ಲ ಇ-ಖಾತೆ ಇಲ್ಲದೆ ನೋಂದಣಿ ಇಲ್ಲವೆಂದಾಯಿತು. ದಲ್ಲಾಳಿಯು ದಾರಿಯಲ್ಲಿ ಕಂಡಾಗಲೆಲ್ಲ, “ನನ್ನ ಮಾತ ಕೇಳಿದ್ರ ಈಗ ಮನಿಯಾಗ ಇರ್ತಿದ್ರಿ” ಎನ್ನುವನು. ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

2025ರ ಶಿವರಾತ್ರಿಯ ತರುವಾಯ ಕಿರಿಯ ತಮ್ಮನೇ ಹೋಗಿ ಅಕ್ಕನನ್ನು ಕರೆತಂದನು. ಆಕೆ ಬಾಗಿಲಲ್ಲಿ ನಿಂತು ಹೊಸ್ತಿಲನ್ನು ಮುಟ್ಟಿ ಒಳಗೆ ಬಂದಳು. ನಾನು ಕಾಗದವನ್ನು ಓದಿ, ಮೂರರಲ್ಲೊಂದು ಪಾಲು, ಆರು ಲಕ್ಷ, ತಮ್ಮದೆಂದು ತಿಳಿಸಿ ಹೇಳಿದೆನು. ತಮ್ಮಂದಿರು ಉಸಿರು ಹಿಡಿದು ನಿಂತಿದ್ದರು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಬ್ಯಾಡ ಅನ್ನಾಕ ನಾ ಶ್ರೀಮಂತಿ ಅಲ್ರಿ ಮಾಸ್ತರ್ರ. ಮಗನ ಸಾಲ ಐತಿ. ತಮ್ಮಗೋಳು ತಾವಾಗೇ ಕರದಿದ್ರ ಚೊಲೊ ಇತ್ತು” ಎಂದಳು. ಹಿರಿಯ ತಮ್ಮನು ಎದ್ದು ಹಿತ್ತಲಿಗೆ ಹೋದನು. ಮರಳಿ ಬಂದಾಗ, ಮೂವರ ಹೆಸರಿನಿಂದಲೇ ಪತ್ರ ಬರೆಯಿಸಿರೆಂದನು.

ಇನ್ನು ಕಚೇರಿಯ ಕಥೆ. ಹಳೆಯ ಪತ್ರದಲ್ಲಿ ಅಳತೆ ಮೊಳದಲ್ಲಿ, ತೆರಿಗೆಯ ಪುಸ್ತಕದಲ್ಲಿ ಫೂಟಿನಲ್ಲಿ, ಎರಡೂ ಕೂಡಲಿಲ್ಲ. ಅಳೆಯುವವರು ಬರಬೇಕು, ಅವರು ಬಂದ ದಿನ ಯಂತ್ರ ನಡೆಯದು, ಯಂತ್ರ ನಡೆದ ದಿನ ಸಹಿ ಮಾಡುವವರು ಸಭೆಗೆ ಹೋಗಿರುವರು. “ನಾಳೆ ಬರ್ರಿ” ಎಂಬ ವಾಕ್ಯವನ್ನು ನಾನು ಐದು ತಿಂಗಳು ಕೇಳಿದೆನು. ಕೊನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸಕಾಲದ ಸಂಖ್ಯೆಯನ್ನು ಕೇಳಿ ಪಡೆಯಿರೆಂದನು. 2011ರ ಸಕಾಲ ಕಾಯದೆಯು ಪ್ರತಿಯೊಂದು ಕೆಲಸಕ್ಕೂ ದಿನಗಳನ್ನು ಗೊತ್ತುಮಾಡಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರ ಪರ್ಯಂತ ಪರಿಹಾರವುಂಟು. ಆ ಇಪ್ಪತ್ತು ರೂಪಾಯಿಯ ಆಸೆ ನನಗಿರಲಿಲ್ಲ. ಆದರೆ ಸಂಖ್ಯೆ ಬಿದ್ದ ಕಾಗದವು ಮೇಜಿನ ಮೇಲೆ ನಿದ್ದೆ ಮಾಡಲಿಲ್ಲ. ಇದನ್ನು ಮೊದಲೇ ಮಾಡದಿದ್ದುದು ನನ್ನ ದಡ್ಡತನ. ಅದರ ದಂಡವನ್ನೂ ತೆತ್ತೆನು: 2025ರ ಆಗಸ್ಟ್ 31ರಿಂದ ನೋಂದಣಿಯ ಶುಲ್ಕವು ಶೇಕಡಾ 1ರಿಂದ 2ಕ್ಕೆ ಏರಿತು, ನಮ್ಮ ಪತ್ರ ನೋಂದಣಿಯಾದದ್ದು ಸಪ್ಟೆಂಬರಿನಲ್ಲಿ. ಹದಿನೆಂಟು ಸಾವಿರ ಹೆಚ್ಚು ಹೋಯಿತು. ಪಿತೃಪಕ್ಷದಲ್ಲಿ ಯಾರೂ ಖರೀದಿಗೆ ಬರುವದಿಲ್ಲವಾದ್ದರಿಂದ ಆ ದಿನ ಕಚೇರಿ ಬರಿದಾಗಿತ್ತು. ಒಂದು ತಾಸಿನಲ್ಲಿ ಕೆಲಸವಾಯಿತು.

ಮನೆಯನ್ನು ಕೊಳ್ಳಬೇಕೆನ್ನುವ ಗೃಹಸ್ಥರಿಗೆ ನನ್ನ ಅನುಭವದ ನಾಲ್ಕು ಮಾತುಗಳಿವೆ. ಸಂಚಕಾರ ಕೊಡುವ ಮೊದಲೇ ಉತಾರವು ಯಾರ ಹೆಸರಿನಲ್ಲಿದೆ, ಅದರ ಮೇಲೆ ಬ್ಯಾಂಕಿನ ಬೋಜಾ ಇದೆಯೇ ಎಂಬದನ್ನು ಕಣ್ಣಾರೆ ನೋಡಿರಿ. ಹೆಚ್ಚು ಹಣವನ್ನು ಮುಂಗಡ ಕೊಡಬೇಡಿರಿ. ಖರೀದಿಯ ದಿನಾಂಕವನ್ನು ಕರಾರಿನಲ್ಲಿ ಬರೆಯಿಸಿರಿ, ಏಕೆಂದರೆ ಕರಾರನ್ನು ನಡೆಯಿಸಿಕೊಡೆಂದು ದಾವೆ ಹೂಡಲು ಆ ದಿನಾಂಕದಿಂದ ಮೂರೇ ವರ್ಷಗಳ ಅವಧಿ. ಅಳತೆಯನ್ನು ಮೊದಲೇ ಮಾಡಿಸಿರಿ. ಮಾರುವವರಿಗೆ ಅಕ್ಕತಂಗಿಯರು ಎಷ್ಟು ಜನರೆಂದು ಕೇಳಲು ನಾಚಬೇಡಿರಿ.

ವಿಲಂಬಗಳಲ್ಲಿ ಎರಡು ಬಗೆ. ಆಲಸ್ಯದಿಂದಾದುದನ್ನು ಸಹಿಸಬಾರದು; ಅದಕ್ಕೆ ಕಾಯದೆಯ ಕೋಲನ್ನು ಹಿಡಿಯಬೇಕು. ಇನ್ನೊಬ್ಬರ ಹಕ್ಕನ್ನು ಕೇಳಿ ತಿಳಿಯುವದಕ್ಕಾಗಿ ಆದುದನ್ನು ಅವಸರಪಡಿಸಬಾರದು. ನನ್ನ ಹದಿನೈದು ತಿಂಗಳುಗಳಲ್ಲಿ ಎರಡೂ ಬೆರೆತಿದ್ದವು. ಎರಡಕ್ಕೂ ಒಂದೇ ಸಮನೆ ಸಿಟ್ಟಾದದ್ದು ನನ್ನ ತಪ್ಪು.

ದೀಪಾವಳಿಗೆ ಮನೆ ಹೊಕ್ಕೆವು. ತುಳಸಿಗೆ ಕಟ್ಟೆಯಾಯಿತು. ಆ ಹೆಣ್ಣುಮಗಳನ್ನೂ ಕರೆದಿದ್ದೆವು. ನನ್ನ ಕುಟುಂಬದವಳು ಆಕೆಗೆ ಉಡಿ ತುಂಬಿದಳು. ತಾನು ಸಹಿ ಹಾಕಿದ ತವರಿನ ಕಾಗದದ ಮಾತನ್ನು ನನ್ನವಳು ಮತ್ತೆ ಎತ್ತಿಲ್ಲ. ನಾನಾಗಿಯೇ ಎತ್ತಬೇಕೆಂದಿದ್ದೇನೆ.