ರಾಜ್ಯ ಬದಲಾದರೆ ತೆರಿಗೆಯ ಲೆಕ್ಕ

ವರ್ಷದ ನಡುವೆ ಮುಂಬಯಿಯ ಉದ್ಯೋಗ ತೊರೆದು ತ್ಯಾಗರಾಜನಗರಕ್ಕೆ ಬಂದು ನೆಲೆಸಿದ ನೌಕರರೊಬ್ಬರು, ‘ಎರಡೂ ರಾಜ್ಯಗಳಿಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕೆ?’ ಎಂದು ನನ್ನನ್ನು ವಿಚಾರಿಸಿದರು. ಅಗತ್ಯವಿಲ್ಲ. ಕೃಷಿ ಆದಾಯವನ್ನುಳಿದು ಆದಾಯದ ಮೇಲಿನ ತೆರಿಗೆ ಕೇಂದ್ರಕ್ಕೆ ಸೇರಿದ್ದು, ರಿಟರ್ನ್ ಒಂದೇ. ಸಂಬಳದಿಂದ ರಾಜ್ಯಕ್ಕೆ ಸಲ್ಲುವುದು ವೃತ್ತಿ ತೆರಿಗೆ. ಸಂವಿಧಾನದ 276ನೇ ವಿಧಿಯಂತೆ ಅದರ ವಾರ್ಷಿಕ ಮಿತಿ 2,500 ರೂಪಾಯಿ. ಕರ್ನಾಟಕದಲ್ಲಿ 1976ರ ಕಾಯ್ದೆಯನ್ವಯ ಉದ್ಯೋಗದಾತರೇ ಅದನ್ನು ಕಡಿತ ಮಾಡಿ ಪಾವತಿಸಬೇಕು.

ಇವರ ತೊಡಕು ಬೇರೆಯೇ ಆಗಿತ್ತು. ಹಿಂದಿನ ಸಂಬಳದ ವಿವರವನ್ನು ಹೊಸ ಸಂಸ್ಥೆಗೆ ನೀಡಿರಲಿಲ್ಲ. ಪ್ರಮಾಣಿತ ಕಡಿತವನ್ನೂ ಕೆಳಹಂತದ ದರಗಳನ್ನೂ ಇಬ್ಬರು ಉದ್ಯೋಗದಾತರೂ ಪ್ರತ್ಯೇಕವಾಗಿ ಅನ್ವಯಿಸಿದ್ದರು. ಎರಡೂ ಸಂಬಳಗಳನ್ನು ಕೂಡಿಸಿದಾಗ ತೆರಿಗೆ ಬಾಕಿಯೊಡನೆ ಬಡ್ಡಿಯೂ ತಲೆಯ ಮೇಲೆ ಬಿತ್ತು. ಆದ್ದರಿಂದ ಸದಸ್ಯ ಸಂಸ್ಥೆಗಳು ಹೊಸ ನೌಕರರಿಂದ ಸೇರ್ಪಡೆಯ ದಿನವೇ ಈ ವಿವರವನ್ನು ಲಿಖಿತವಾಗಿ ಪಡೆಯುವುದು ಒಳಿತು.